ಬೆನಕಪ್ಪ ಮೇಷ್ಟ್ರು ತೆಗೆಯದ ಟಿಕ್

ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯ ಶಾಲೆಗಳಲ್ಲಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಬೀಗ ಜಡಿಯದೆ, ಅದನ್ನು ಮಕ್ಕಳ ಕೈಗೆ ಒಪ್ಪಿಸಿದ ಮೊದಲಿಗರಲ್ಲಿ ಶ್ರೀ ಬೆನಕಪ್ಪನವರು ಒಬ್ಬರು. ತೆಲಿಗಿಯಲ್ಲಿ ಗಣಿತ ಮೇಷ್ಟ್ರಾಗಿ ಸೇವೆಗೆ ಸೇರಿದ ಅವರು, ಹಂಪಸಾಗರದ ಬಳಿಯ ಪ್ರೌಢಶಾಲೆಗೆ ವರ್ಗವಾಗಿ ಬಂದಾಗ, ಯಾರೂ ಹೊರಲೊಲ್ಲದ ಕಂಪ್ಯೂಟರ್ ಕೋಣೆಯನ್ನು ತಾವೇ ವಹಿಸಿಕೊಂಡರು.

ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಪರದೆಯ ಮೇಲೊಂದು ಪಟ್ಟಿ ಬರುತ್ತದೆ: ಕಚೇರಿ ಕೆಲಸ, ಚಿತ್ರ, ಕನ್ನಡ ಬರಹ, ಆಟ. ಬೇಕಾದ್ದಕ್ಕೆ ಟಿಕ್ ಹಾಕಬೇಕು. ಉಳಿದವರು ಮೊದಲೇ ಹಾಕಿಟ್ಟ ಟಿಕ್ಕುಗಳನ್ನೇ ಒಪ್ಪಿ, 'ನೆಕ್ಸ್ಟ್' ಒತ್ತಿ ಚಹಾಕ್ಕೆ ಹೋಗುತ್ತಾರೆ. ನಮ್ಮ ಮಕ್ಕಳಿಗೆ ಏನು ಸಾಕೆಂದು ಎಲ್ಲೋ ಕೂತವನು ತೀರ್ಮಾನಿಸುವುದು, ಇವರು ತಲೆಯಾಡಿಸುವುದು! ಮೈ ಉರಿಯುತ್ತದೆ. ಬೆನಕಪ್ಪನವರು ಮಾತ್ರ ಅಲ್ಲೇ ನಿಂತು, ಆ ಯಂತ್ರ ಬಳಸುವ ಮಕ್ಕಳನ್ನೇ ಕುರ್ಚಿಯಲ್ಲಿ ಕೂರಿಸಿ, ಕೇಳಿ, ಆಮೇಲೆ ಟಿಕ್ ಹಾಕುತ್ತಿದ್ದರು.

ಮೆಕ್ಯಾನಿಕ್ ಮಸ್ತಾನಸಾಬರ ಮಗಳು ಗೌಸಿಯಾ ಮೌಸ್ ಮುಟ್ಟಲೂ ಹೆದರುತ್ತಿದ್ದಳು. "ಕೆಟ್ರ ನಮ್ಮಪ್ಪ ರಿಪೇರಿ ಮಾಡಾಕ ಇದೇನ್ ಲೂನಾ ಗಾಡಿ ಅಲ್ರಿ ಸರ್." ಮೇಷ್ಟ್ರು ಪಾಠ ಹೇಳಲಿಲ್ಲ, ಇಸ್ಪೀಟ್ ಎಲೆ ಜೋಡಿಸುವ ಆಟ ತೆರೆದಿಟ್ಟು ಆಚೆ ಹೋದರು. ಆಡುತ್ತಾಡುತ್ತಾ ಅವಳ ಕೈ ಪಳಗಿತು. ಇಂದು ಹಡಗಲಿಯಲ್ಲಿ ಅವಳದೇ ಡಿಟಿಪಿ ಅಂಗಡಿಯಿದೆ. ಮೇಷ್ಟ್ರ ಈ ಅಭಿನಂದನಾ ಸಂಪುಟದ ಪುಟ ಜೋಡಿಸಿದವಳೂ ಅವಳೇ.

ಮೇಷ್ಟ್ರ ನಿವೃತ್ತಿಯ ತಿಂಗಳಲ್ಲಿ ಹೊಸ ಯಂತ್ರಗಳು ಬಂದವು. ಶಾಲಾ ಸಮಿತಿಯ ಅಧ್ಯಕ್ಷ ಚೌಡಣ್ಣನವರು ಬಾಗಿಲಲ್ಲೇ ಪಟ್ಟು ಹಿಡಿದರು.

"ಸಾಲ್ಯಾಗ ಇಸ್ಪೀಟ್ ಕಲಿಸಿ ಹೋಗ್ತೀರೇನ್ರಿ ಮೇಷ್ಟ್ರ? ಆಟ ತಗೀರಿ!"

ತೆಗೆದರೆ, ತಾವು ಹೋದ ಮೇಲೆ ಬರುವ ಅಂಜುಬುರುಕ ಮಕ್ಕಳಿಗೆ ಈ ಕೋಣೆ ಪರೀಕ್ಷೆಯ ಕೋಣೆಯಾಗಿಯೇ ಉಳಿಯುತ್ತದೆಂದು ಬೆನಕಪ್ಪನವರಿಗೆ ಗೊತ್ತಿತ್ತು. ಆದರೂ ವಾದಿಸಲಿಲ್ಲ. ಹಳೆಯ ಯಂತ್ರದಲ್ಲಿ ಅದೇ ಎಲೆಯಾಟ ತೆರೆದು, ಅದರ ಮುಂದೆ ಕುರ್ಚಿ ಎಳೆದರು.

"ಬರ್ರಿ, ಕುಂದರ್ರಿ. ಮಕ್ಕಳ ಹಾಜರಿ ಇನ್ ಮ್ಯಾಲೆ ಇದ್ರಾಗ ನೀವ ನೋಡ್ಬೇಕಲ್ಲ?"

"ನಾ ಎಂದೂ ಮುಟ್ಟಿಲ್ರಿ ಇದನ್ನ."

ಚೌಡಣ್ಣನವರ ಅಂಗೈಯಡಿ ಮೌಸ್ ಜಾರಿತು. ಬಾಣದ ಗುರುತು ಪರದೆಯ ಮೂಲೆಗೆ ಓಡಿತು. "ಎಲ್ಲಿ ಹೋತ್ರಿ ಅದು?"

"ಬರ್ತೈತಿ ಬಿಡ್ರಿ. ಕೆಂಪ್ ರಾಣಿನ ಕರಿ ರಾಜನ ಮ್ಯಾಲೆ ಇಡ್ರಿ."

ಊಟದ ಗಂಟೆ ಹೊಡೆಯಿತು. ಚೌಡಣ್ಣನವರು ಏಳಲಿಲ್ಲ. "ತಡೀರಿ, ಎಕ್ಕಾ ಒಳಗ ಸಿಕ್ಕೊಂಡೈತಿ!" ಕಿಟಕಿಯಲ್ಲಿ ಮಕ್ಕಳು ಕಿಸಕ್ಕನೆ ನಕ್ಕರು. ಕೊನೆಗೆ ಯಾರ ಮುಖವನ್ನೂ ನೋಡದೆ ಚೌಡಣ್ಣನವರೆಂದರು, "ಇರ್ಲಿ ಬಿಡ್ರಿ ಆಟ. ಹಾಜರಿ ನಾಳಿ ಕಲಿಸ್ರಿ."

"ಹಂಗಾರ ಟಿಕ್ ನೀವ ಹಾಕ್ರಿ."

ಹೊಸ ಯಂತ್ರದ ಪಟ್ಟಿಯಲ್ಲಿ ಚೌಡಣ್ಣನವರೇ ಆಟದ ಮುಂದೆ ಟಿಕ್ ಹಾಕಿದರು; ಈ ಸಲ ಮೌಸ್ ಜಾರಲಿಲ್ಲ.

ನಿವೃತ್ತರಾದವರು ಮನೆಯಲ್ಲಿ ಸುಮ್ಮನೆ ಕೂರಬೇಕೆಂಬುದೂ ಯಾರೋ ಮೊದಲೇ ಹಾಕಿಟ್ಟ ಟಿಕ್ಕೇ. ಅದೊಂದನ್ನು ಮಾತ್ರ ಮೇಷ್ಟ್ರು ತೆಗೆಯಲಿ. ತುಂಬು ಆಯುಷ್ಯ, ಗಟ್ಟಿ ಆರೋಗ್ಯ ಅವರ ಜೊತೆಗಿರಲಿ. ಕೂಡ್ಲಿಗಿ, ಕೊಟ್ಟೂರಿನ ಶಾಲೆಗಳಲ್ಲೂ ಅವರು ಅಂಜುವ ಮಕ್ಕಳಿಗಾಗಿ ಕುರ್ಚಿ ಎಳೆಯುತ್ತಲೇ ಇರಲಿ.