ಹೊಳೆದಂಡೆಯಲ್ಲಿ ಇಲ್ಲದ ಕರಿಕಲ್ಲು

ನಮ್ಮ ಕೇರಿಯ ಕುಡಿಯುವ ನೀರಿನ ಬಾವಿಯನ್ನು, ನಾನು ಕೂಡದೆಂದು ಹೇಳಿದ ಜಾಗದಲ್ಲಿಯೇ ತೋಡಿದರು, ಅದು ಉಪ್ಪಾಯಿತು. ನನ್ನ ಮಾತು ಕೇಳಿ ನಕ್ಕವರಲ್ಲಿ ಇಬ್ಬರು ಭೂವಿಜ್ಞಾನ ಓದಿದವರು. ಕುಂದಾಪುರದ ಕಾಲೇಜೊಂದರಲ್ಲಿ ಅದೇ ವಿಷಯವನ್ನು ಕಲಿಸಿ ನಿವೃತ್ತಳಾದವಳು ನಾನು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಮೊದಲು ವಿಮಾನ ಬಂತು. ಮೇ ತಿಂಗಳು ಮುಗಿಯುತ್ತಿತ್ತು. ಬಾಲಕ್ಕೆ ಉದ್ದನೆಯ ಕೋಲು ಸಿಕ್ಕಿಸಿಕೊಂಡ ಸಣ್ಣ ವಿಮಾನ ಬೈಂದೂರಿನ ಕಡೆಯಿಂದ ಬ್ರಹ್ಮಾವರದ ಕಡೆಗೆ, ಗದ್ದೆ ಉಳುವವರಂತೆ ಸಾಲು ಹಿಡಿದು, ತೆಂಗಿನ ಮರಗಳ ಮೇಲೆಯೇ ಹೋಗುತ್ತಿತ್ತು, ಬರುತ್ತಿತ್ತು. ಆ ಕೋಲಿನೊಳಗೆ ಇದ್ದದ್ದು, ಕಬ್ಬಿಣವಿದ್ದಲ್ಲಿ ಹೆಚ್ಚಾಗುವ ಕಾಂತಸೆಳೆತವನ್ನು ಅಳೆಯುವ ಕಾಂತಮಾಪಕ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹೊದಿಕೆಯ ಕೆಳಗೆ ಗೋಡೆಯಂತೆ ಹಾದುಹೋಗುವ, ಕಬ್ಬಿಣದಂಶವುಳ್ಳ ಕರಿಕಲ್ಲಿನ ಪಟ್ಟಿಗಳನ್ನು ಅದು ಮೇಲಿನಿಂದಲೇ ಗುರುತಿಸುತ್ತದೆ. ನಮ್ಮ ಹಳೆಯ ಭೂನಕ್ಷೆಗಳನ್ನು ಬರೆದವರು ಕಾಲ್ನಡಿಗೆಯವರು. ಮುರಕಲ್ಲು ಮುಚ್ಚಿದಲ್ಲಿ ಅವರ ಗೆರೆಯೂ ನಿಂತುಬಿಡುತ್ತಿತ್ತು. ಇನ್ನು ಆ ಗೆರೆಗಳು ಮುಂದುವರಿಯುತ್ತವೆಯೆಂದು ನನಗೆ ಸಂತೋಷವೇ ಆಗಿತ್ತು. ವಿಮಾನದ ಮೇಲೆ ನನಗೆ ಇಂದಿಗೂ ದೂರಿಲ್ಲ.

ಆದರೆ ಆ ವಾರ ನಮ್ಮ ಹೊಳೆದಂಡೆ ಬರಿದಾಗಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗುವ ಮೊದಲೇ, ದುರಸ್ತಿಗೆ ವೆಲ್ಡಿಂಗಿನವರ ಸರದಿ ತಪ್ಪೀತೆಂದು, ಉಕ್ಕಿನ ಬೋಟುಗಳನ್ನು ದಡಕ್ಕೆ ಎಳೆದು ಒಂದರ ಹಿಂದೊಂದು ನಿಲ್ಲಿಸುವುದು ನಮ್ಮವರ ಪದ್ಧತಿ. ಆಗಸ್ಟಿನಲ್ಲಿ ಅವು ಪುನಃ ಕಡಲಿಗಿಳಿಯುತ್ತವೆ. ದಂಡೆಯಲ್ಲಿ ಉಳಿಯುವುದು ಮರಳು ಮತ್ತು ಬಣ್ಣದ ಕಲೆ.

ನಕ್ಷೆಯವರು ಜೀಪಿನಲ್ಲಿ ಬಂದದ್ದು ಅಕ್ಟೋಬರಿನಲ್ಲಿ. ಅವರ ಕೈಯಲ್ಲಿದ್ದ ಕರಡಿನಲ್ಲಿ, ಗುಡ್ಡದ ಕರಿಕಲ್ಲಿನ ಪಟ್ಟಿ ಕೆಳಗಿಳಿದು ಹೊಳೆದಂಡೆಯುದ್ದಕ್ಕೂ ಓಡಿತ್ತು. ಗುಡ್ಡದ ಮೇಲಿನ ಗೆರೆ ಸರಿ, ದಂಡೆಯ ಮೇಲಿನದು ಮೇ ತಿಂಗಳಿನಲ್ಲಿ ಅಲ್ಲಿ ನಿಂತಿದ್ದ ಉಕ್ಕಿನ ಬೋಟುಗಳದ್ದೆಂದು ನಾನು ಹೇಳಿದೆ. ಕಾಂತಮಾಪಕವನ್ನು ಕೈಯಲ್ಲಿ ಹಿಡಿದು ಈಗೊಮ್ಮೆ ದಂಡೆಯುದ್ದಕ್ಕೂ ನಡೆಯಿರಿ, ಬೋಟುಗಳಿಲ್ಲದಾಗ ಗೆರೆಯೂ ಇರುವುದಿಲ್ಲವೆಂದು ಕೇಳಿಕೊಂಡೆ. ಹಿರಿಯ ಅಧಿಕಾರಿ ಖಾಲಿ ದಂಡೆಯನ್ನು ನೋಡಿ, "ಯಾವ ಬೋಟು, ಮೇಡಂ?" ಎಂದರು. ಜೊತೆಗಿದ್ದ ಇಬ್ಬರು ಕಿರಿಯರು ನಕ್ಕರು. ಉಪಕರಣವನ್ನು ಜೀಪಿನಿಂದ ಇಳಿಸಲೇ ಇಲ್ಲ.

ಮರುವರ್ಷ ನಕ್ಷೆ ಹೊರಬಂತು. ಅದನ್ನು ಹಿಡಿದುಕೊಂಡು ಪಂಚಾಯತಿಯಲ್ಲಿ ಹೊಸ ಬಾವಿಯ ಮಾತು ಎದ್ದಿತು. ಕೇರಿಯ ಹೆಂಗಸರು ಸಿಹಿನೀರಿಗಾಗಿ ಹೆದ್ದಾರಿ ದಾಟಿ ಗುಡ್ಡದ ಬುಡದ ಬಾವಿಗೆ ಹೋಗಬೇಕಿತ್ತು. ನನ್ನ ನೆರೆಯವಳು, ಒಣಮೀನು ಮಾರುವವಳು, ಮಂಡಿ ಹಿಡಿದ ಕಾಲಿನಲ್ಲಿ, ತುಂಬಿದ ಕೊಡಪಾನ ಹೊತ್ತು, ಲಾರಿಗಳ ನಡುವೆ ಸಂದಿಗಾಗಿ ಕಾಯುವುದನ್ನು ನಾನು ಪ್ರತಿದಿನವೂ ಕಂಡಿದ್ದೆ. ಬಾವಿ ಬೇಕೇ ಬೇಕಿತ್ತು. ರಸ್ತೆಯ ಈಚೆಗೇ, ಮುರಕಲ್ಲಿನ ಅಂಚು ಮುಗಿಯುವಲ್ಲಿ ತೋಡಿ ಎಂದೆ. ಅದು ಏರಿನ ಜಾಗ. ದಂಡೆ ಸಮತಟ್ಟು, ಮನೆಗಳಿಗೆ ಹತ್ತಿರ. ಭರತದ, ಅಂದರೆ ಕಡಲಿನ ಉಬ್ಬರದ, ಹೊತ್ತಿಗೆ ಹೊಳೆಗೆ ಏರುವ ಉಪ್ಪುನೀರನ್ನು ನೆಲದೊಳಗಿನ ಕರಿಕಲ್ಲಿನ ಗೋಡೆ ತಡೆಯುತ್ತದೆಂದು ನಕ್ಷೆಯ ಬಲದ ಮೇಲೆ ತೀರ್ಮಾನವಾಯಿತು. ನಾನು ಎದ್ದು ನಿಂತಾಗ ಸದಸ್ಯರೊಬ್ಬರು ಹೇಳಿದ್ದು ಇಷ್ಟು:

"ಟೀಚ್ರೆ, ನೀವ್ ನಡ್ಕಂಡ್ ಕಂಡದ್, ಅವ್ರ್ ಹಾರ್ಕಂಡ್ ಕಂಡದ್. ಯಾರಿಗ್ ಜಾಸ್ತಿ ಕಾಂತ್, ನೀವೇ ಹೇಳಿ."

ಸಭೆ ನಕ್ಕಿತು. ಯಾರು ಯಾವ ಕುರ್ಚಿಯಲ್ಲಿ ಕುಳಿತು ನಕ್ಕರೆಂಬುದನ್ನೂ ನಾನು ಮರೆತಿಲ್ಲ.

ದೀಪಾವಳಿ ಕಳೆದ ಮೇಲೆ ತೋಡಿದರು. ಮರಳು, ಜೇಡಿ, ಮಳಿ ಎನ್ನುವ ಕಪ್ಪೆಚಿಪ್ಪು ಬಂದವು. ಕರಿಕಲ್ಲಿನ ಒಂದು ಚೂರೂ ಬರಲಿಲ್ಲ. ಗೋಡೆ ಪಕ್ಕದಲ್ಲಿರಬೇಕೆಂದರು. ನೀರು ಸಿಹಿಯಾಗಿಯೇ ಬಂತು. ಪೂಜೆಯ ದಿನ ಅದೇ ನೀರಿನಲ್ಲಿ ಚಹಾ ಕಾಯಿಸಿ ಎಲ್ಲರ ಎದುರಿಗೆ ನನಗೆ ಲೋಟ ಕೊಟ್ಟು ಅದೇ ಸದಸ್ಯರು, "ಹ್ವಾಯ್ ಟೀಚ್ರೆ, ಉಪ್ಪ್ ಸಾಕಾ, ಇನ್ನೊಂಚೂರ್ ಹಾಕ್ಕಾ?" ಎಂದು ಕೇಳಿದರು. ಕುಡಿದು ಲೋಟ ಇಟ್ಟು ಬಂದೆ. ಮಳೆಯ ನೀರು ನೆಲದಲ್ಲಿರುವ ತನಕ ಹೊಳೆ ಒಳಗೆ ಬರುವುದಿಲ್ಲವೆಂದು ಅವರಿಗೆ ಹೇಳಿ ಫಲವಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನನಗೆ ನೆಮ್ಮದಿಯಿರಲಿಲ್ಲ. ನೆರೆಯವಳು ಹೆದ್ದಾರಿ ದಾಟುವುದನ್ನು ಬಿಟ್ಟಿದ್ದಳು. ನನ್ನ ಮಾತು ಸುಳ್ಳಾಗಲಿ ಎಂದು ನಾನು ಹಾರೈಸಿದ್ದು ಬದುಕಿನಲ್ಲಿ ಅದೊಂದೇ ಸಲ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಸಂಜೆ ಸಂಜೆ ಸೀರೆಯ ನೆರಿಗೆ ಎತ್ತಿಕೊಂಡು ದಂಡೆಗೆ ಹೋಗಿ ಬಾವಿಯಲ್ಲಿ ನೀರು ಎಷ್ಟು ಇಳಿದಿದೆಯೆಂದು ಬಗ್ಗಿ ನೋಡುತ್ತಿದ್ದೆ. ಹೊಳೆಯ ಭರತ ಏರಿದಾಗ ಬಾವಿಯ ನೀರೂ ಕೈಯಗಲ ಏರತೊಡಗಿದ ದಿನ, ಹೊಳೆ ಒಳಗೆ ಬಂತೆಂದು ನನಗೆ ತಿಳಿಯಿತು.

ಏಪ್ರಿಲಿನ ಒಂದು ಬೆಳಿಗ್ಗೆ ನೆರೆಯವಳು ಚೊಂಬು ಹಿಡಿದು ನಮ್ಮ ಜಗಲಿಗೆ ಬಂದಳು.

"ಟೀಚ್ರೆ, ಒಂದ್ ಗುಟ್ಕ್ ಕುಡ್ದ್ ಕಾಣಿ. ಒಣ್ಮೀನ್ ಉಪ್ಪ್ ನನ್ ನಾಲ್ಗಿಗೇ ಹತ್ತಿತಾ ಎಂತ."

ಕುಡಿದೆ. ಅವಳ ನಾಲಿಗೆಯಲ್ಲಿ ದೋಷವಿರಲಿಲ್ಲ, ಹಾಗೆಂದು ಹೇಳಿದೆ. ಅವಳು ಚೊಂಬಿನಲ್ಲಿ ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿ, "ಹಾಂಗಾರೆ ನಾಳೆಯಿಂದ ವಾಪಾಸ್ ರೋಡ್ ದಾಂಟುದೇ" ಎಂದಳು. ನನ್ನನ್ನು ದೂರಲಿಲ್ಲ, ಅವರನ್ನೂ ದೂರಲಿಲ್ಲ. ಮಂಡಿಯನ್ನು ಒಮ್ಮೆ ನೀವಿಕೊಂಡು ಮೆಟ್ಟಿಲಿಳಿದಳು.

ಆ ಮೇ ತಿಂಗಳಿನಲ್ಲಿ ನಾನೇ ನಕ್ಷೆಯವರ ಕಚೇರಿಗೆ ಫೋನು ಮಾಡಿದೆ. ಬಾವಿ ಉಪ್ಪಾದದ್ದನ್ನು, ತೋಡಿದಾಗ ಕಲ್ಲು ಸಿಗದಿದ್ದುದನ್ನು ವಿವರಿಸಿದೆ. ಬೋಟುಗಳು ಈಗ ದಂಡೆಗೆ ಏರುತ್ತಿವೆ, ಕಣ್ಣಾರೆ ನೋಡಲು ಬನ್ನಿ ಎಂದೆ. ನಕ್ಷೆ ಮುದ್ರಣವಾಗಿದೆ, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣವೆಂದು ಉತ್ತರ ಬಂತು. ಯಾರೂ ಬರಲಿಲ್ಲ. ಹೊಳೆಯ ಕೆಳಗಿನ ಕೇರಿಯವರು ಈಗ ಅದೇ ನಕ್ಷೆ ಹಿಡಿದು, ಅದೇ ಗೆರೆಯ ಪಕ್ಕದಲ್ಲಿ, ತಮ್ಮ ಬಾವಿಗೆ ಗುರುತು ಹಾಕಿದ್ದಾರೆ. ಅಲ್ಲಿಯೂ ಹೆದ್ದಾರಿ ದಾಟುವ ಹೆಂಗಸರಿದ್ದಾರೆ.

ಗೆರೆ ಎಳೆದ ಮಹನೀಯರೇ, ನಿಮ್ಮ ಉಪಕರಣವನ್ನು ಜೀಪಿನಿಂದ ಇಳಿಸಿ ಆ ದಂಡೆಯಲ್ಲಿ ಒಂದು ಸಲ ನಡೆಯಲು ನಿಮಗೆ ಇನ್ನೆಷ್ಟು ಬಾವಿಗಳು ಉಪ್ಪಾಗಬೇಕು?