ಮುಕ್ತಾಬಾಯಿ ಮೊದಲು ಗೋಡೆ ನೋಡುತ್ತಿದ್ದರು

ನಮ್ಮ ಅತ್ತೆ ಮುಕ್ತಾಬಾಯಿ ಕಮಲಾಪುರದಲ್ಲಿ ನರ್ಸಾಗಿದ್ದರು. ನಗರದ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು ಅಲ್ಲಿ ಬಸುರಿಯರ ಮನೆಗಳನ್ನು ಸುತ್ತುತ್ತಿದ್ದರು. ಸಂಜೆ ಬರುವಾಗ ಬಿಳಿ ಸೀರೆಯ ಅಂಚಿಗೆಲ್ಲ ಕೆಮ್ಮಣ್ಣು.

ಯಾವ ಮನೆಗೆ ಹೋದರೂ ಅವರು ಮೊದಲು ಗೋಡೆ ನೋಡುತ್ತಿದ್ದರು. ಮೈಯಲ್ಲಿ ರಕ್ತ ಕಡಿಮೆಯಾದ ಬಸುರಿಗೆ ಮಣ್ಣು ತಿನ್ನುವ ಚಪಲ. ಮಣ್ಣಿನ ಗೋಡೆಯ ಮೂಲೆ ಉಗುರಿನಿಂದ ಕೆರೆದಿದ್ದರೆ ಅವರಿಗೆ ಅಷ್ಟೇ ಸಾಕು. ನೌಕರಿಯ ಮೊದಲ ವರ್ಷ ಅಂಥ ಒಬ್ಬಳು ಹೆರಿಗೆಯಲ್ಲಿ ರಕ್ತ ಹೋಗಿ ಅವರ ಕೈಯಲ್ಲೇ ತೀರಿಕೊಂಡಿದ್ದಳಂತೆ. ಆಮೇಲೆ ಅವರ ಬಾಯಿ ಜೋರಾಯಿತು.

"ಜಾಹೇದಾ, ಗೋಡಿ ತಿಂದು ಮನಿ ಬೀಳಸ್ಬ್ಯಾಡ. ಗುಳಿಗಿ ನುಂಗು," ಎಂದು ಬಸುರಿಯನ್ನು ಗದರಿ, ಅವಳ ಅತ್ತೆಯ ಕಡೆ ತಿರುಗುವರು. "ಬಸುರಿಗಿ ಮೊದಲ ಉಣ್ಣಾಕ ಹಾಕ್ರಿ. ಗಂಡಸರು ಉಂಡು ಉಳಿದದ್ದು ಕೂಸಿಗಿ ಸಾಲಂಗಿಲ್ಲ."

೧೯೯೧ರಲ್ಲಿ ನಾನು ಬಸುರಿಯಾದೆ. ಅತ್ತೆ ಕಬ್ಬಿಣದ ಗುಳಿಗೆ ತಂದುಕೊಟ್ಟರು. ಅದರಿಂದ ಕೂಸು ಕಪ್ಪಾಗುತ್ತದೆಂದು ತವರಿನಲ್ಲಿ ಹೇಳಿದ್ದರು. ಬಿ.ಎ. ಓದಿದ ನಾನು ದಿನಾ ಅದನ್ನು ಮೋರಿಗೆ ಎಸೆದೆ. ನಮ್ಮದು ಸಿಮೆಂಟಿನ ಮನೆ, ಕೆರೆಯಲು ಗೋಡೆ ಇಲ್ಲ. ಹಿತ್ತಲಲ್ಲಿ ತುಳಸಿಕಟ್ಟೆ ಇತ್ತು. ನೀರು ಹಾಕಿದಾಗ ಏಳುವ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಪ್ರದಕ್ಷಿಣೆಯ ನೆಪದಲ್ಲಿ ಮೊದಲು ಚಿಟಿಕೆ, ಆಮೇಲೆ ಹಿಡಿ.

"ನಮ್ಮ ಜಾನಕಿಗಿ ಭಾಳ ಭಕ್ತಿರೀ, ದಿನಕ್ಕ ಮೂರು ಸಲ ತುಳಸಿ ಸುತ್ತತಾಳ," ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡರು.

ಏಳನೇ ತಿಂಗಳಲ್ಲಿ ಒಂದು ಶನಿವಾರ ಸಂಜೆ ಕಣ್ಣಿಗೆ ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದೆ. ಅತ್ತೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣದ ಹಾಗೆ ಬಿಳಿ. ಎದ್ದು ಸೀದಾ ಹಿತ್ತಲಿಗೆ ಹೋದರು. ತುಳಸಿಯ ಬೇರು ಹೊರಗೆ ಕಾಣುತ್ತಿತ್ತು.

ಬೈಗುಳಕ್ಕೆ ಕಾದೆ. ಗುಳಿಗೆಯ ವಿಷಯವನ್ನೂ ಹೇಳಿಬಿಟ್ಟೆ. ಅವರು ನನ್ನ ಪಕ್ಕದಲ್ಲಿ ಕೂತರು.

"ಮಧ್ಯಾಹ್ನ ನೀ ಯಾವಾಗ ಉಣ್ತಿ?"

"ಮಾವನವರದು, ಇವರದು ಆದ ಮ್ಯಾಲ."

"ಏನು ಉಳದಿರ್ತದ?"

ಕಮಲಾಪುರದ ಮನೆಮನೆಗೂ ಹೇಳಿದ್ದ ಮಾತನ್ನು ಅವರು ತಮ್ಮ ಮನೆಯಲ್ಲಿ ಹೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

"ಇದು ನನ್ನ ತಪ್ಪು," ಎಂದು ತಲೆ ಸವರಿದರು. ಅವತ್ತು ಅವರ ಮೇಲೆ ಹುಟ್ಟಿದ ಪ್ರೀತಿ ನನಗಿನ್ನೂ ಇಳಿದಿಲ್ಲ.

ಮರುದಿನ ಮಾವ ಪಾಂಡುರಂಗರಾಯರು ಮಡಿಯುಟ್ಟು ಬಂದರೆ, ಮೊದಲ ಮಣೆಯ ಮೇಲೆ ನಾನು ಕೂತಿದ್ದೆ. ಮುಂದೆ ರೊಟ್ಟಿ, ಮೆಂತೆಪಲ್ಯ, ಬೇಳೆ.

"ಇನ್ನೂ ನೈವೇದ್ಯ ಆಗಿಲ್ಲಲ್ಲ," ಎಂದರು ಮಾವ.

ಅತ್ತೆ ನನ್ನ ಹೊಟ್ಟೆ ತೋರಿಸಿದರು. "ಇಲ್ಲಿ ಆಗಾಕತ್ತದ. ನೀವು ಸ್ವಲ್ಪ ತಡೀರಿ."

ಮುಂದೆ ಎರಡು ತಿಂಗಳು ಬಾಯಿ ತೆರೆಸಿ ನೋಡಿ ಗುಳಿಗೆ ನುಂಗಿಸಿದರು. ಮಗಳು ಹುಟ್ಟಿದಳು, ಎರಡೂಮುಕ್ಕಾಲು ಕಿಲೊ. ತುಳಸಿ ಎಂದು ಹೆಸರಿಡೋಣವೆಂದರು ಮಾವ.

"ಬ್ಯಾಡರೀ, ಈಕಿ ಅದನ್ನೂ ತಿಂದಾಳು," ಎಂದರು ಅತ್ತೆ.

ಅವರು ೨೦೦೩ರಲ್ಲಿ ನಿವೃತ್ತರಾದರು. ಮೊದಲ ಮಣೆ ಮಾತ್ರ ಇವತ್ತಿಗೂ ನನ್ನದೇ. ಮಾವ ಇವತ್ತಿಗೂ ಸ್ವಲ್ಪ ತಡೆಯುತ್ತಾರೆ.