ಕೂರಿಗೆಯ ಕಟ್ಟಿಗೆ, ಅತ್ತೆಯ ಚೂರಿ

ಕನ್ನಡ ರಾಜ್ಯ ಒಂದಾದ ವರ್ಷವೋ ಅದರ ಮರುವರ್ಷವೋ, ನಿಶ್ಚಯವಿಲ್ಲ. ನರಗುಂದದ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಅತ್ತೆಯ ಬಲಗೈಯ ಎರಡು ಬೆರಳು ಎತ್ತಿನ ಹಗ್ಗಕ್ಕೆ ಸಿಕ್ಕು ಮುರಿದವು. ಕೂಡಿಕೊಂಡರೂ ಮಡಚಲು ಬರಲಿಲ್ಲ. ಪ್ರತಿ ಬೇಸಿಗೆ ಓಣಿಯ ಉಪ್ಪಿನಕಾಯಿಗೆಲ್ಲ ಮಾವಿನಕಾಯಿ ಹೋಳು ಮಾಡುತ್ತಿದ್ದವರು ಅವರೇ. ಗೊರಟೆ ಸಮೇತ ಒಂದೇ ಏಟಿಗೆ ಸೀಳುವ ಕೈ. ಈಗ ಚೂರಿಯ ತೆಳು ಹಿಡಿ ಆ ಮುಷ್ಟಿಯಲ್ಲಿ ತಿರುಗಿಬಿಡುತ್ತಿತ್ತು.

ದೀಪಾವಳಿಯ ಹೊತ್ತಿಗೆ ಹಿರಿಯ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ, “ಅತ್ತೀ, ಬರೂ ಬ್ಯಾಸಗ್ಯಾಗ ನೀವು ಸುಮ್ನ ಕುಂದರ್ರಿ. ಹೋಳು ನಾ ಮಾಡತೀನಿ,” ಎಂದರು. ಕಾಳಜಿಯೋ ಅಧಿಕಾರವೋ, ನಾನು ಹೇಳಲಾರೆ. ಅತ್ತೆ ಆ ದಿನ ಊಟಕ್ಕೆ ಏಳಲಿಲ್ಲ.

ಅವರ ಕೈಗೆ ಒಗ್ಗುವ ದಪ್ಪ ಹಿಡಿ ಮಾಡಲು ನಾನು ಹೊರಟೆ. ಹಿತ್ತಲಲ್ಲಿ ಮಾವನವರ ಕಾಲದ ಮುರುಕು ಕೂರಿಗೆ ಬಿದ್ದಿತ್ತು. ಬೀಜ ಬಿತ್ತಿದ ಸಾಧನವನ್ನು ಒಲೆಗೆ ಹಾಕಬಾರದೆಂದು ನಮ್ಮ ಮನೆಯ ನಂಬಿಕೆ, ಹಾಗಾಗಿ ಮಳೆ ಕುಡಿಯುತ್ತ ಉಳಿದಿತ್ತು. ಗಟ್ಟಿ ಜಾಲಿ. ಒಂದು ತುಂಡು ಕೊಯ್ದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ನಟ್ಟನಡುವೆ ಸೀಳು ಬಿಟ್ಟಿತು.

“ಬಿಎಸ್ಸಿ ಕಲಿತು ಕಟ್ಟಿಗೀನ ಹಪ್ಪಳದಾಂಗ ಒಣಗಿಸೀಯಲ್ಲವಾ!” ಎಂದು ಅತ್ತೆ ನಕ್ಕರು. ಬೆರಳು ಮುರಿದ ಮೇಲೆ ಅವರು ನಕ್ಕಿದ್ದು ಅದೇ ಮೊದಲು ಎಂದು ಬರೆಯುವ ಆಸೆ. ಖಾತ್ರಿಯಿಲ್ಲ.

ತುದಿಗಳಿಂದ ನೀರು ಬೇಗ ಆರಿದ್ದೇ ಸೀಳಿಗೆ ಕಾರಣ. ಎರಡನೆಯ ತುಂಡಿನ ತುದಿಗಳಿಗೆ ಸಗಣಿ ಮೆತ್ತಿ ನೆರಳಲ್ಲಿ, ಜೋಳದ ಹೊಟ್ಟಿನೊಳಗೆ ಹೂತಿಟ್ಟೆ. ಆಗಾಗ ತೆಗೆದು ತಕ್ಕಡಿಯಲ್ಲಿ ತೂಗುತ್ತಿದ್ದೆ. ತೂಕ ಇಳಿಯುವುದು ನಿಂತಾಗ ಒಣಗಿತೆಂದು ತಿಳಿದೆ. ಅತ್ತೆಯ ಮುಷ್ಟಿಗೆ ರೊಟ್ಟಿ ಹಿಟ್ಟಿನ ಮುದ್ದೆ ಕೊಟ್ಟು ಹಿಚುಕಲು ಹೇಳಿದೆ. ಮಡಚದ ಬೆರಳುಗಳ ಹತ್ತಿರ ಹಿಟ್ಟು ಉಬ್ಬಿ ನಿಂತಿತು. ಆ ಉಬ್ಬನ್ನೇ ಕಟ್ಟಿಗೆಯಲ್ಲಿ ಕೆತ್ತಿದೆ.

ಆಮೇಲೆ ಬಿಸಿ ಮಾಡಿದ ಅಗಸಿ ಎಣ್ಣೆಯಲ್ಲಿ ಮುಳುಗಿಸಿದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬಂತು, ಆರುತ್ತ ಆರುತ್ತ ಆ ಜಾಗಕ್ಕೆ ಎಣ್ಣೆ ಸೇರಿತು. ಶೇಂಗಾ ಎಣ್ಣೆಯಾದರೆ ಜಿಡ್ಡಾಗಿಯೇ ಉಳಿಯುತ್ತದೆ, ಅಗಸಿ ಗಾಳಿಗೆ ಗಟ್ಟಿಯಾಗುತ್ತದೆ. ಓದಿದ ರಸಾಯನಶಾಸ್ತ್ರ ಅಂತೂ ಮನೆಗೆ ಬಂತು. ಬೇಸಿಗೆಯವರೆಗೆ ನೆರಳಲ್ಲಿ ತೂಗುಬಿಟ್ಟು, ತೂತು ಕೊರೆದು, ಚೂರಿಯ ಬುಡ ಇಳಿಸಿ, ಸುತ್ತ ಅರಗು ಕರಗಿಸಿ ಹೊಯ್ದೆ.

ಮೊದಲ ಮಾವಿನಕಾಯಿ ಬಂದ ದಿನ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದರು.

“ಬೆರಳು ಜೋಕಿರಿ, ಅತ್ತೀ,” ಎಂದರು ನೆಗೆಣ್ಣಿ.

“ನನ್ನವು ಆಗ್ಲೇ ಹೋಗ್ಯಾವು. ನಿನ್ನವು ದೂರ ಇಟ್ಕೋ.”

ಒಂದೇ ಏಟಿಗೆ ಗೊರಟೆ ಸೀಳಿತೆಂದು ನನ್ನ ನೆನಪು. ಗೆದ್ದ ದಿನದ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೊದಲ ಏಟು ಓರೆಯಾಗಿಯೂ ಬಿದ್ದಿರಬಹುದು. ಆದರೆ ಸಂಜೆಗೆ ಅಂಗಳದಲ್ಲಿ ಇಡಿಯ ಕಾಯಿ ಒಂದೂ ಉಳಿದಿರಲಿಲ್ಲ. ದಿನವಿಡೀ ಹುಳಿಯಲ್ಲಿ ತೊಯ್ದ ಹಿಡಿ ಕೂದಲೆಳೆಯಷ್ಟೂ ಉಬ್ಬಿರಲಿಲ್ಲ. ಇದರಲ್ಲಿ ನನಗೆ ಸಂದೇಹವಿಲ್ಲ.

ನೆಗೆಣ್ಣಿ ಚೂರಿ ಇಸಿದುಕೊಂಡು ಹಿಡಿದು ನೋಡಿದರು. ಉಬ್ಬು ಅವರ ಅಂಗೈಗೆ ಒತ್ತಿತು. “ಅಯ್ಯ, ಇದೇನ್ರಿ ಸೊಟ್ಟ ಐತಿ!”

“ಸೊಟ್ಟ ಬೆರಳಿಗೆ ಮಾಡಿದ್ದು. ನಿನಗ ಬೇಕಂದ್ರ ಮೊದಲ ಎರಡ ಬೆರಳ ಮುರ್ಕೊಂಡ ಬಾ,” ಎಂದು ಅತ್ತೆ ಅದನ್ನು ಕಸಿದುಕೊಂಡರು. ನಂತರ ಹೆಂಗಸರತ್ತ ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದರು:

“ನಾಳಿಗಿ ಯಾರ ಮಾವಿನಕಾಯಿ ಬುಟ್ಟಿ? ಲಗೂನ ಹೇಳ್ರಿ!”